ದುಬೈಗೆ ಹೊರಟಿದ್ದೀರಾ? ಮೊದಲು ಬ್ಯಾಗಲ್ಲಿ ಗಸಗಸೆ ಇದೆಯಾ ನೋಡಿ: ನಮ್ಮಲ್ಲಿ ಮಾಮೂಲಿ, ಯುಎಇಯಲ್ಲಿ ಕೇಸ್ ಆಗುವ ಸಂಗತಿಗಳಿವು

ಕುಂದಾಪುರ: ಕಳೆದ ವರ್ಷ ನನ್ನ ದೊಡ್ಡಮ್ಮನ ಮಗ ಕೆಲಸಕ್ಕೆ ಅಂತ ದುಬೈಗೆ ಹೊರಟ. ಮೊದಲ ಸಲ ವಿಮಾನ ಹತ್ತುವವನು. ಹಿಂದಿನ ದಿನ ರಾತ್ರಿ ಮನೆಯ ಜಗಲಿಯಲ್ಲಿ ಬ್ಯಾಗ್ ತೂಕ ಮಾಡುತ್ತಾ ಕೂತಿದ್ದೆವು. ಮೂವತ್ತು ಕೆ.ಜಿ. ಒಳಗೆ ಇರಬೇಕಲ್ಲ. ಉಪ್ಪಿನಕಾಯಿ, ಮಸಾಲೆ ಪುಡಿ, ಒಂದು ಡಬ್ಬಿ ಕರ್ಜಿಕಾಯಿ, ಬಾಳೆಎಲೆಯಲ್ಲಿ ಸುತ್ತಿದ ಎಲೆ ಅಡಿಕೆ, ಅಲ್ಲಿರುವ ಯಾರಿಗೋ ಕೊಡಲಿಕ್ಕೆ ಅಂತ ಪಕ್ಕದ ಊರಿನವರು ತಂದುಕೊಟ್ಟ ಒಂದು ಕಟ್ಟು, ಎಲ್ಲವೂ ಇತ್ತು.

ಅಷ್ಟರಲ್ಲಿ ಶಾರ್ಜಾದಲ್ಲಿ ಹತ್ತಾರು ವರ್ಷ ದುಡಿದು ಊರಿಗೆ ಬಂದ ಪಕ್ಕದ ಮನೆ ಅಣ್ಣ ಬಂದರು. ಬ್ಯಾಗ್ ನೋಡಿದವರೇ, "ಅಕ್ಕಾ, ಈ ಕರ್ಜಿಕಾಯಿಗೆ ಕಸಕಸೆ ಹಾಕಿದ್ದೀರಾ?" ಅಂತ ಕೇಳಿದರು. ದೊಡ್ಡಮ್ಮ ಹೌದು ಅಂದರು. "ಹಾಗಾದ್ರೆ ಇದು ಹೋಗೋದು ಬೇಡ, ತೆಗೀರಿ." ದೊಡ್ಡಮ್ಮನಿಗೆ ಬೇಜಾರಾಯಿತು. "ಒಂದು ಮುಷ್ಟಿ ಕಸಕಸೆಗೆ ಎಂತ ಆಗ್ತದಾ ಮಾರಾಯ?"

ಎಂತ ಆಗ್ತದೆ ಅನ್ನೋದೇ ಈ ಬರಹ. ನಮ್ಮ ಜಿಲ್ಲೆಯಲ್ಲಿ ಗಲ್ಫ್ ನಂಟು ಇಲ್ಲದ ಊರು ಹುಡುಕಿದರೂ ಸಿಗೋದು ಕಷ್ಟ. ಕೆಲಸಕ್ಕೆ ಹೋಗುವವರು ಒಂದು ಕಡೆ. ಮಗಳ ಬಾಣಂತನಕ್ಕೆ, ಮೊಮ್ಮಗನನ್ನು ನೋಡಲಿಕ್ಕೆ, ಸುಮ್ಮನೆ ಒಂದು ವಾರ ಸುತ್ತಾಡಲಿಕ್ಕೆ ಹೋಗುವವರು ಇನ್ನೊಂದು ಕಡೆ. ಅಲ್ಲಿ ಕಳ್ಳತನ ಮಾಡಿದರೆ ಜೈಲು ಅನ್ನೋದು ಎಲ್ಲರಿಗೂ ಗೊತ್ತು. ಜನ ಸಿಕ್ಕಿಹಾಕಿಕೊಳ್ಳೋದು ಅಂಥದ್ದರಲ್ಲಲ್ಲ. ಇಲ್ಲಿ ತಪ್ಪು ಅಂತಲೇ ಅನಿಸದ ವಿಷಯಗಳಲ್ಲಿ. ಆ ಪಟ್ಟಿಯನ್ನು ಒಂದೇ ಕಡೆ ಇಟ್ಟಿದ್ದೇವೆ. ಮನೆಯಿಂದ ಯಾರಾದರೂ ಹೊರಟಿದ್ದರೆ ಅವರಿಗೂ ಓದಿಸಿ.

(ದಂಡದ ಮೊತ್ತ ಅರ್ಥವಾಗಲಿ ಅಂತ ಒಂದು ದಿರ್ಹಂಗೆ ಸುಮಾರು 24 ರೂಪಾಯಿ ಹಿಡಿದು ಲೆಕ್ಕ ಹಾಕಿದ್ದೇವೆ. ದರ ದಿನಾ ಬದಲಾಗುತ್ತದೆ.)

ಮೊದಲು ಇದು ತಿಳಿದಿರಲಿ

ಯುಎಇ ಅಂದರೆ ಬರೀ ದುಬೈ ಅಲ್ಲ. ಅಬುಧಾಬಿ, ದುಬೈ, ಶಾರ್ಜಾ, ಅಜ್ಮಾನ್, ಉಮ್ ಅಲ್ ಕುವೈನ್, ರಾಸ್ ಅಲ್ ಖೈಮಾ, ಫುಜೈರಾ ಹೀಗೆ 7 ಎಮಿರೇಟ್‌ಗಳು ಸೇರಿದ ದೇಶ. ಕೆಲವು ಕಾನೂನು ಇಡೀ ದೇಶಕ್ಕೆ ಒಂದೇ. ಕೆಲವು ಆಯಾ ಎಮಿರೇಟ್‌ನವರದ್ದೇ. ಅಲ್ಲಿ 35 ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದಾರೆ, ಹೊರದೇಶದವರ ಪೈಕಿ ನಮ್ಮವರೇ ಜಾಸ್ತಿ. ಹಾಗಂತ "ಎಲ್ಲಾ ನಮ್ಮವರೇ ಅಲ್ವಾ, ಏನಾಗಲ್ಲ" ಅನ್ನೋ ಧೈರ್ಯ ಬೇಡ. ನನಗೆ ಗೊತ್ತಿರಲಿಲ್ಲ ಅನ್ನೋ ಮಾತನ್ನು ಅಲ್ಲಿನ ಪೊಲೀಸರು ಕೇಳೋದಿಲ್ಲ. ಇಲ್ಲಿನ ಪೊಲೀಸರೂ ಕೇಳೋದಿಲ್ಲ ಬಿಡಿ.

1. ಗಸಗಸೆ: ಪಾಯಸದ ಕಾಳು, ಅಲ್ಲಿ ನಿಷೇಧಿತ ವಸ್ತು

ನಮ್ಮ ಕಡೆ ಕಸಕಸೆ, ಘಟ್ಟದ ಮೇಲೆ ಗಸಗಸೆ. ಪಾಯಸಕ್ಕೆ, ಕುರ್ಮಾಕ್ಕೆ, ಕರ್ಜಿಕಾಯಿಗೆ, ಬಾಣಂತಿಗೆ ಮಾಡುವ ಅಂಟಿನ ಉಂಡೆಗೆ ಬೇಕೇ ಬೇಕು. ಆದರೆ ಇದು ಅಫೀಮು ಗಿಡದ್ದೇ ಬೀಜ. ಗಿಡದ ಹಸಿ ಕಾಯಿಯನ್ನು ಗೀರಿದಾಗ ಬರುವ ಹಾಲಿನಿಂದ ಅಫೀಮು ಆಗುತ್ತದೆ. ಒಣಗಿದ ಕಾಯಿಯ ಒಳಗಿನ ಬೀಜವೇ ಗಸಗಸೆ. ಬೀಜ ತಿಂದರೆ ನಶೆ ಏರೋದಿಲ್ಲ, ಆದರೆ ಅದರ ಮೇಲೆ ಮಾರ್ಫಿನ್ ಅಂಶ ಚೂರುಪಾರು ಅಂಟಿರಬಹುದು.

ನಮ್ಮ ದೇಶದಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಲೈಸನ್ಸ್ ಪಡೆದು ಈ ಗಿಡ ಬೆಳೆಯುತ್ತಾರೆ. ನಮ್ಮ ಮಾದಕ ವಸ್ತು ಕಾಯ್ದೆ ಬೀಜವನ್ನು ಹೊರಗಿಟ್ಟಿದೆ. ಹಾಗಾಗಿ ಇಲ್ಲಿ ದಿನಸಿ ಅಂಗಡಿಯಲ್ಲಿ ಸಿಗುತ್ತದೆ. ಯುಎಇಯಲ್ಲಿ ಬೀಜವೂ ನಿಷೇಧ. ಬಿಡಿ ಕಾಳು, ಪುಡಿ, ಮಸಾಲೆಯೊಳಗೆ ಸೇರಿದ್ದು, ಸಿಹಿತಿಂಡಿಯೊಳಗೆ ಇದ್ದದ್ದು, ಯಾವ ರೂಪದಲ್ಲೂ ತಗೊಂಡು ಹೋಗಬೇಡಿ.

2022ರ ಜನವರಿಯಿಂದ ಅಲ್ಲಿ ಹೊಸ ಮಾದಕ ವಸ್ತು ಕಾನೂನು ಜಾರಿಯಲ್ಲಿದೆ. ಮೊದಲ ಸಲ, ಸ್ವಂತ ಬಳಕೆಗೆ ತಂದ ತಿಂಡಿ ಅಥವಾ ಪಾನೀಯದಲ್ಲಿ ಮಾದಕ ಅಂಶ ಸಿಕ್ಕರೆ ವಸ್ತುವನ್ನು ಕಿತ್ತುಕೊಂಡು ಬಿಡುವ ಅವಕಾಶ ಅದರಲ್ಲಿದೆ. ಇದನ್ನು ನಂಬಿ ಹೋಗುವುದು ಮಾತ್ರ ಬೇಡ. ಬಿಡುತ್ತಾರೋ ಇಲ್ಲವೋ ಅನ್ನೋದು ಗೊತ್ತಾಗುವ ತನಕ ನೀವು ಕೂತಿರೋದು ಅವರ ಕಚೇರಿಯಲ್ಲಿ. ಇತ್ತ ನಿಮ್ಮನ್ನು ಕರೆದುಕೊಂಡು ಹೋಗಲು ಬಂದ ಕಂಪನಿಯವ ಹೊರಗೆ ಕಾಯುತ್ತಿರುತ್ತಾನೆ.

ಅಲ್ಲಿ ಎಷ್ಟು ಬಿಗಿ ಅನ್ನೋದಕ್ಕೆ ಒಂದು ಹಳೆಯ ಉದಾಹರಣೆ ಸಾಕು. 2008ರಲ್ಲಿ ಬ್ರಿಟನ್‌ನ ಪ್ರಯಾಣಿಕರೊಬ್ಬರಿಗೆ ದುಬೈ ಕೋರ್ಟ್ 4 ವರ್ಷ ಶಿಕ್ಷೆ ಕೊಟ್ಟಿತು. ಸಿಕ್ಕಿದ್ದು ಶೂ ಅಡಿಗೆ ಅಂಟಿಕೊಂಡಿದ್ದ 0.003 ಗ್ರಾಂ ಗಾಂಜಾ. ಆಮೇಲೆ ಕ್ಷಮಾದಾನ ಸಿಕ್ಕಿ ಬಿಡುಗಡೆ ಆಯಿತು, ಆದರೆ ಅಷ್ಟರಲ್ಲಿ ತಿಂಗಳುಗಳೇ ಒಳಗೆ ಕಳೆದಿದ್ದವು. ಈಗ ಶಿಕ್ಷೆಯ ಪ್ರಮಾಣ ಕಡಿಮೆಯಾಗಿದೆ, ತಪಾಸಣೆ ಕಡಿಮೆಯಾಗಿಲ್ಲ. ಇನ್ನೊಂದು ವಿಷಯ: ಕೈಯಲ್ಲಿ ಏನೂ ಇಲ್ಲದಿದ್ದರೂ ರಕ್ತ, ಮೂತ್ರದಲ್ಲಿ ಮಾದಕ ವಸ್ತುವಿನ ಅಂಶ ಸಿಕ್ಕರೆ ಅಲ್ಲಿ ಕೇಸ್ ಆಗುತ್ತದೆ.

ಒಂದು ಗೊಂದಲ ಇದೆ, ಅದನ್ನೂ ಹೇಳಿಬಿಡುತ್ತೇನೆ. ಫಲೂಡಾ, ಶರಬತ್ತಿಗೆ ಹಾಕುವ, ನೀರಲ್ಲಿ ಉಬ್ಬುವ ಕಪ್ಪು ಬೀಜವನ್ನೂ ಕೆಲವರು ಕಸಕಸೆ ಅನ್ನುತ್ತಾರೆ. ಅದು ಕಾಮಕಸ್ತೂರಿ ಬೀಜ, ತುಳಸಿ ಜಾತಿಯ ಗಿಡದ್ದು, ಅಫೀಮಿಗೂ ಅದಕ್ಕೂ ಸಂಬಂಧ ಇಲ್ಲ. ಹಾಗಂತ ಅದನ್ನೂ ಹೊತ್ತುಕೊಂಡು ಹೋಗಿ ಕಸ್ಟಮ್ಸ್‌ನವರಿಗೆ ಪಾಠ ಮಾಡುವ ಅಗತ್ಯ ಇಲ್ಲ.

2. ವೀಳ್ಯದೆಲೆ, ಮನೆ ತಿಂಡಿ, ಮಂತ್ರಿಸಿದ ವಸ್ತು

ದುಬೈ ಕಸ್ಟಮ್ಸ್‌ನ ನಿಷೇಧಿತ ಪಟ್ಟಿಯಲ್ಲಿ ಪಾನ್ ಸಾಮಗ್ರಿ ಇದೆ, ವೀಳ್ಯದೆಲೆಯ ಹೆಸರನ್ನೂ ಸೇರಿಸಿಯೇ ಹಾಕಿದ್ದಾರೆ. ಪೂಜೆಗೆ, ಸೀಮಂತಕ್ಕೆ ಅಂತ ಎಲೆ ಕಟ್ಟಿಕೊಂಡು ಹೋಗುವ ಅಮ್ಮಂದಿರು ಇದನ್ನು ಗಮನಿಸಿ. ತಂಬಾಕು ಜಗಿಯುವವರಂತೂ ಇಲ್ಲೇ ಬಿಟ್ಟು ಹೋಗಿ.

ಅದೇ ಪಟ್ಟಿಯಲ್ಲಿ ಬೇಯಿಸಿದ ಹಾಗೂ ಮನೆಯಲ್ಲಿ ಮಾಡಿದ ಆಹಾರವೂ ಇದೆ. ಎಷ್ಟೋ ಜನ ಉಪ್ಪಿನಕಾಯಿ, ಚಕ್ಕುಲಿ ತಗೊಂಡು ಹೋಗ್ತಾರೆ, ಯಾರೂ ಕೇಳೋದಿಲ್ಲ ಅನ್ನೋದು ನಿಜ. ಕೇಳಿದ ದಿನ ನಿಮ್ಮ ಹತ್ತಿರ ಉತ್ತರ ಇರೋದಿಲ್ಲ ಅನ್ನೋದೂ ನಿಜ. ಒಳಗೆ ಏನೇನಿದೆ ಅಂತ ಮುದ್ರಿಸಿದ, ಸೀಲ್ ಆದ ಕಂಪನಿ ಪ್ಯಾಕೆಟ್ ಆದರೆ ತೋರಿಸಲಿಕ್ಕೆ ಸುಲಭ. ಅದರಲ್ಲೂ ಗಸಗಸೆ ಇಲ್ಲ ಅಂತ ಓದಿ ನೋಡಿ.

ಮಾಟ, ಮಂತ್ರಕ್ಕೆ ಬಳಸುವ ವಸ್ತುಗಳೂ ಆ ದೇಶಕ್ಕೆ ತರುವ ಹಾಗಿಲ್ಲ. ನಾವು ರಕ್ಷೆಗೆ ಅಂತ ಕಟ್ಟಿದ್ದನ್ನು ಅವರು ಏನು ಅಂದುಕೊಳ್ಳುತ್ತಾರೋ ಹೇಳಲಿಕ್ಕಾಗದು. ಯಾರೋ ಮಂತ್ರಿಸಿ ಕೊಟ್ಟ ಗಂಟು, ಪುಡಿ, ಬೂದಿ ಬ್ಯಾಗಲ್ಲಿ ಇಡಬೇಡಿ.

ಒಣ ಕೊಬ್ಬರಿಯ ಕತೆ ಬೇರೆ. ಅದು ಯುಎಇ ಕಾನೂನಲ್ಲ, ವಿಮಾನದ ನಿಯಮ. ಎಣ್ಣೆ ಅಂಶ ಜಾಸ್ತಿ, ಬೆಂಕಿ ಹತ್ತಿಕೊಳ್ಳಬಹುದು ಅಂತ ಚೆಕ್ ಇನ್ ಬ್ಯಾಗಲ್ಲಿ ಬಿಡೋದಿಲ್ಲ. ಬಜ್ಪೆಯಲ್ಲೇ ತೆಗೆಸುತ್ತಾರೆ.

3. ಮಾತ್ರೆ, ಸಿರಪ್: ಡಾಕ್ಟರ್ ಚೀಟಿ ಒಂದೇ ಸಾಲದು

ಇದು ಗಸಗಸೆಗಿಂತ ದೊಡ್ಡ ವಿಷಯ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಇರುವ ನೋವಿನ ಮಾತ್ರೆ, ನರನೋವಿಗೆ ಕೊಡುವ ಪ್ರಿಗ್ಯಾಬಲಿನ್, ನಿದ್ದೆ ಮತ್ತು ಆತಂಕಕ್ಕೆ ಕೊಡುವ ಆಲ್ಪ್ರಜೋಲಾಂ, ಡಯಾಜಿಪಾಂ ಇವೆಲ್ಲ ಯುಎಇಯಲ್ಲಿ ನಿಯಂತ್ರಿತ ಔಷಧಿಗಳು. ಪರವಾನಗಿ ಇಲ್ಲದೆ ಸಿಕ್ಕರೆ ಅದು ಮಾದಕ ವಸ್ತುವಿನ ಕೇಸೇ ಆಗಬಹುದು.

ದಾರಿ ಇದೆ. ಹೊರಡುವ ಮೊದಲೇ ಅಲ್ಲಿನ ಸರ್ಕಾರದ ಅಧಿಕೃತ ವೆಬ್‌ಸೈಟ್‌ನಲ್ಲಿ ಅರ್ಜಿ ಹಾಕಿ ಅನುಮತಿ ತಗೊಳ್ಳಬೇಕು. ಡಾಕ್ಟರ್ ಚೀಟಿ, ಕಾಯಿಲೆಯ ವರದಿ, ಪಾಸ್‌ಪೋರ್ಟ್ ಪ್ರತಿ ಬೇಕಾಗುತ್ತದೆ. ನಿಯಂತ್ರಿತ ಔಷಧಿಯಾದರೆ 30 ದಿನಕ್ಕೆ ಆಗುವಷ್ಟು, ಬಿಪಿ, ಶುಗರ್‌ನಂಥ ಸಾಮಾನ್ಯ ಮಾತ್ರೆಯಾದರೆ 3 ತಿಂಗಳಿಗೆ ಆಗುವಷ್ಟು ತಗೊಂಡು ಹೋಗಬಹುದು.

ಮುಖ್ಯವಾಗಿ ವಯಸ್ಸಾದವರ ಬಗ್ಗೆ. ಮೊಮ್ಮಕ್ಕಳನ್ನು ನೋಡಲು ಹೋಗುವ ಅಜ್ಜ ಅಜ್ಜಿ ಸ್ಟ್ರಿಪ್‌ಗಳನ್ನು ಕತ್ತರಿಸಿ, ಹೆಸರೇ ಕಾಣದ ಹಾಗೆ ಒಂದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿಕೊಂಡಿರುತ್ತಾರೆ. ಹಾಗೆ ಮಾಡಬೇಡಿ. ಪೂರ್ತಿ ಸ್ಟ್ರಿಪ್, ಬಾಕ್ಸ್ ಸಮೇತ ಇರಲಿ. ಹೊರಡುವ ವಾರದಲ್ಲಿ ಒಮ್ಮೆ ಮೆಡಿಕಲ್ ಶಾಪ್‌ಗೆ ಎಲ್ಲಾ ಮಾತ್ರೆ ತಗೊಂಡು ಹೋಗಿ, "ಇದರಲ್ಲಿ ನಿದ್ದೆಯದ್ದು, ಗಟ್ಟಿ ನೋವಿನದ್ದು ಯಾವುದಾದರೂ ಇದೆಯಾ?" ಅಂತ ಕೇಳಿ. ಐದು ನಿಮಿಷದ ಕೆಲಸ. ಇದೆ ಅಂದರೆ, ಬೇರೆ ಮಾತ್ರೆ ಆಗುತ್ತದಾ ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ನೀವಾಗಿಯೇ ನಿಲ್ಲಿಸಬೇಡಿ.

4. ಬೇರೆಯವರ ಕಟ್ಟು: ಬೇಡ ಅನ್ನಲು ಕಲಿಯಿರಿ

ನಮ್ಮೂರಲ್ಲಿ ಒಬ್ಬ ಗಲ್ಫ್‌ಗೆ ಹೊರಟ ಅಂತ ಗೊತ್ತಾದರೆ ಸಾಕು, ನಾಲ್ಕು ಮನೆಯವರು ಒಂದೊಂದು ಕಟ್ಟು ತಂದುಕೊಡುತ್ತಾರೆ. ಇಲ್ಲ ಅಂದರೆ ಬೇಸರ ಮಾಡಿಕೊಳ್ಳುತ್ತಾರೆ. ಪಕ್ಕದ ದೇಶ ಕತಾರಿನ ಒಂದು ಘಟನೆ ಕೇಳಿ. 2019ರಲ್ಲಿ ಮುಂಬೈನ ದಂಪತಿ ಅಲ್ಲಿಗೆ ಹೋದರು. ಹೆಂಡತಿ ಗರ್ಭಿಣಿ. ಪ್ರವಾಸಕ್ಕೆ ಕಳಿಸಿದ ಹತ್ತಿರದ ಸಂಬಂಧಿಯೇ ಒಂದು ಪ್ಯಾಕೆಟ್ ಕೊಟ್ಟಿದ್ದರು. ದೋಹಾ ಏರ್‌ಪೋರ್ಟ್‌ನಲ್ಲಿ ಅದರಲ್ಲಿ 4 ಕೆ.ಜಿ.ಗೂ ಹೆಚ್ಚು ಚರಸ್ ಸಿಕ್ಕಿತು. ಇಬ್ಬರಿಗೂ 10 ವರ್ಷ ಶಿಕ್ಷೆ. ಮಗು ಹುಟ್ಟಿದ್ದು ಜೈಲಿನಲ್ಲಿ. ಭಾರತದಲ್ಲಿ ತನಿಖೆ ನಡೆದು, ಅವರಿಗೆ ಏನೂ ಗೊತ್ತಿರಲಿಲ್ಲ ಅನ್ನೋದು ಹೊರಗೆ ಬಂದು, 2021ರಲ್ಲಿ ಖುಲಾಸೆಯಾಗಿ ಊರಿಗೆ ಬಂದರು.

ಕೊಟ್ಟವರು ಗುರುತಿನವರು ಅನ್ನೋದು ನಿಮಗೆ ಗೊತ್ತು, ಸ್ಕ್ಯಾನಿಂಗ್ ಮಷಿನ್‌ಗೆ ಗೊತ್ತಿಲ್ಲ. ಬ್ಯಾಗ್ ಯಾರದ್ದೋ ಕೇಸ್ ಅವರದ್ದೇ. ತಗೊಳ್ಳಲೇಬೇಕು ಅಂತಾದರೆ ಕೊಟ್ಟವರ ಎದುರಲ್ಲೇ ಬಿಚ್ಚಿ, ಒಂದೊಂದೇ ನೋಡಿ, ನೀವೇ ಮತ್ತೆ ಕಟ್ಟಿ. ಬಿಚ್ಚಲು ಒಪ್ಪದಿದ್ದರೆ ಆ ಕಟ್ಟು ಇಲ್ಲೇ ಇರಲಿ.

ಚಿನ್ನ, ನಗದು, ಬೆಲೆಬಾಳುವ ವಸ್ತು ಸೇರಿ 60,000 ದಿರ್ಹಂ (ಸುಮಾರು 14.4 ಲಕ್ಷ ರೂ.) ದಾಟಿದರೆ ಅಲ್ಲಿ ಮೊದಲೇ ಘೋಷಿಸಬೇಕು ಅನ್ನೋದೂ ನೆನಪಿರಲಿ.

5. ಮೊಬೈಲ್: ಎಲ್ಲಕ್ಕಿಂತ ಜಾಸ್ತಿ ಹುಷಾರಾಗಿರಬೇಕಾದದ್ದು ಇಲ್ಲೇ

ಬ್ಯಾಗ್ ಒಂದು ದಿನದ ಮಾತು, ಮೊಬೈಲ್ ದಿನಾ ಕೈಯಲ್ಲೇ ಇರುತ್ತದೆ. 2021ರ ಸೈಬರ್ ಅಪರಾಧ ಕಾನೂನು 2022ರ ಜನವರಿ 2ರಿಂದ ಜಾರಿಯಲ್ಲಿದೆ. ಇದರಲ್ಲಿ ನಮ್ಮ ಹುಡುಗರಿಗೆ ಮುಖ್ಯವಾದವು:

ಬೈಗುಳ: ವಾಟ್ಸಾಪ್‌ನಲ್ಲಿ, ಇನ್‌ಸ್ಟಾದಲ್ಲಿ ಯಾರನ್ನಾದರೂ ಬೈದರೆ, ಮರ್ಯಾದೆ ತೆಗೆದರೆ ಜೈಲು ಅಥವಾ 2.5 ಲಕ್ಷದಿಂದ 5 ಲಕ್ಷ ದಿರ್ಹಂ ದಂಡ, ಅಥವಾ ಎರಡೂ. ಕಡಿಮೆ ಅಂದರೂ 60 ಲಕ್ಷ ರೂಪಾಯಿ! ರೂಮ್‌ಮೇಟ್ ಜೊತೆ ಬಾಡಿಗೆ ವಿಷಯಕ್ಕೆ ಜಗಳ ಆಯಿತು ಅಂತ ಒಂದು ವಾಯ್ಸ್ ಮೆಸೇಜ್ ಕಳಿಸಿದರೂ ಅದು ಸಾಕ್ಷಿ. ಸಿಟ್ಟು ಬಂದರೆ ಫೋನ್ ಕೆಳಗಿಡಿ.

ಫೋಟೋ: ಬೇರೆಯವರ ಒಪ್ಪಿಗೆ ಇಲ್ಲದೆ ಅವರ ಫೋಟೋ, ವಿಡಿಯೊ ತೆಗೆಯೋದು, ಹಂಚೋದು ಖಾಸಗಿತನಕ್ಕೆ ಧಕ್ಕೆ. ಕನಿಷ್ಠ 6 ತಿಂಗಳು ಜೈಲು ಅಥವಾ 1.5 ಲಕ್ಷದಿಂದ 5 ಲಕ್ಷ ದಿರ್ಹಂ ದಂಡ, ಅಥವಾ ಎರಡೂ. ಅಪಘಾತದಲ್ಲಿ ಬಿದ್ದವರ ವಿಡಿಯೊ ಮಾಡೋದಂತೂ ಬೇಡವೇ ಬೇಡ. ಇಲ್ಲಿ ಹೈವೇಯಲ್ಲಿ ಲಾರಿ ಮಗುಚಿದರೆ ಮೊದಲು ಮೊಬೈಲ್ ಹೊರಗೆ ಬರುತ್ತದೆ, ನಮ್ಮಂಥ ವೆಬ್‌ಸೈಟ್‌ಗಳಿಗೂ ಹತ್ತು ಜನ ಕಳಿಸುತ್ತಾರೆ. ಆ ಅಭ್ಯಾಸ ಅಲ್ಲಿ ನಡೆಯೋದಿಲ್ಲ. ಸರ್ಕಾರಿ ಕಟ್ಟಡ, ಅರಮನೆ, ಸೇನೆಗೆ ಸೇರಿದ ಜಾಗಗಳ ಕಡೆಗೂ ಕ್ಯಾಮೆರಾ ತಿರುಗಿಸಬೇಡಿ.

ಫಾರ್ವರ್ಡ್: ಸುಳ್ಳು ಸುದ್ದಿ, ಗಾಳಿಸುದ್ದಿ ಹರಡಿದರೆ ಕನಿಷ್ಠ ಒಂದು ವರ್ಷ ಜೈಲು ಮತ್ತು ಕನಿಷ್ಠ 1 ಲಕ್ಷ ದಿರ್ಹಂ ದಂಡ. "ಬಂದದ್ದನ್ನು ಕಳಿಸಿದೆ ಅಷ್ಟೇ" ಅನ್ನೋದು ಉತ್ತರ ಆಗೋದಿಲ್ಲ. ಧರ್ಮ, ಜಾತಿ ವಿಷಯದ ಪೋಸ್ಟ್‌ಗಳಿಗೆ ಬೇರೆಯೇ ಕಠಿಣ ಕಾನೂನಿದೆ. ಗಲ್ಫ್‌ನಲ್ಲಿದ್ದುಕೊಂಡು ಊರಿನ ಗಲಾಟೆಗೆ ಕಾಮೆಂಟ್ ಹಾಕಿ ಕೆಲಸ ಕಳೆದುಕೊಂಡ ಭಾರತೀಯರ ಸುದ್ದಿ ನೀವೂ ಓದಿರುತ್ತೀರಿ.

ಚಂದಾ ಎತ್ತುವುದು: ಇದು ಹೆಚ್ಚಿನವರಿಗೆ ಗೊತ್ತೇ ಇಲ್ಲ. ಊರಲ್ಲಿ ಯಾವುದೋ ಮಗುವಿಗೆ ಆಪರೇಷನ್, ದೇವಸ್ಥಾನ ಅಥವಾ ಮಸೀದಿಯ ಜೀರ್ಣೋದ್ಧಾರ, ಯಾರದ್ದೋ ಮನೆ ಬಿತ್ತು. ಗಲ್ಫ್ ಗ್ರೂಪ್‌ನಲ್ಲಿ ಅಕೌಂಟ್ ನಂಬರ್ ಹಾಕಿ "ಕೈಲಾದಷ್ಟು ಸಹಾಯ ಮಾಡಿ" ಅಂತೇವೆ. ಯುಎಇಯಲ್ಲಿ ಲೈಸನ್ಸ್ ಇಲ್ಲದೆ ಹಣ ಸಂಗ್ರಹಿಸೋದು, ಅದಕ್ಕೆ ಕರೆ ಕೊಡೋದು ಅಪರಾಧ. ಆನ್‌ಲೈನ್‌ನಲ್ಲಿ ಮಾಡಿದರೆ 2 ಲಕ್ಷದಿಂದ 5 ಲಕ್ಷ ದಿರ್ಹಂ ತನಕ ದಂಡ ಇದೆ. ಉದ್ದೇಶ ಒಳ್ಳೆಯದು ಅನ್ನೋದು ಲೆಕ್ಕಕ್ಕೆ ಬರೋದಿಲ್ಲ. ಊರಲ್ಲಿರುವ ನಾವೂ ಇದನ್ನು ಅರ್ಥ ಮಾಡಿಕೊಳ್ಳಬೇಕು. ಅಲ್ಲಿರುವ ಹುಡುಗನಿಗೆ "ನಿನ್ನ ಗ್ರೂಪಲ್ಲಿ ಹಾಕು ಮಾರಾಯ" ಅಂತ ಒತ್ತಾಯ ಮಾಡೋದು ಅವನನ್ನು ಕಷ್ಟಕ್ಕೆ ದೂಡಿದ ಹಾಗೆ.

ಕಾಲ್ ಮತ್ತು ವಿಪಿಎನ್: ವಾಟ್ಸಾಪ್ ಮೆಸೇಜ್ ನಡೆಯುತ್ತದೆ, ವಾಟ್ಸಾಪ್ ಕಾಲ್ ಅಲ್ಲಿ ಸಾಮಾನ್ಯವಾಗಿ ಹೋಗೋದಿಲ್ಲ. ಅನುಮತಿ ಇರುವ ಬೋಟಿಮ್‌ನಂಥ ಆ್ಯಪ್‌ಗಳಿವೆ. ಮನೆಯವರ ಫೋನಿಗೂ ಮೊದಲೇ ಹಾಕಿಕೊಟ್ಟು ಹೋಗಿ, ಇಲ್ಲದಿದ್ದರೆ ಮಗ ಫೋನೇ ಮಾಡಿಲ್ಲ ಅಂತ ಅಮ್ಮ ಗಾಬರಿಯಾಗುತ್ತಾರೆ. ವಿಪಿಎನ್ ಹಾಕಿಕೊಂಡು ನಿಷೇಧಿತ ಕೆಲಸ ಮಾಡಿದರೆ ದಂಡ 5 ಲಕ್ಷ ದಿರ್ಹಂನಿಂದ ಶುರು.

6. ರಸ್ತೆಯಲ್ಲಿ ನಡೆಯುವಾಗ

ನಮ್ಮ ಹೆದ್ದಾರಿಯಲ್ಲಿ ಡಿವೈಡರ್ ಹಾರಿ ಆಚೆ ಬದಿಯ ಬಸ್ ಹಿಡಿಯೋದು ದಿನದ ಕತೆ. ದುಬೈಯಲ್ಲಿ ಕಂಡಕಂಡಲ್ಲಿ ರಸ್ತೆ ದಾಟಿದರೆ 400 ದಿರ್ಹಂ ದಂಡ (ಸುಮಾರು 9,600 ರೂ.). 2025ರ ಮಾರ್ಚ್ 29ರಿಂದ ಹೊಸ ಸಂಚಾರ ಕಾನೂನು ಬಂದಿದೆ. ಗಂಟೆಗೆ 80 ಕಿ.ಮೀ. ಅಥವಾ ಅದಕ್ಕಿಂತ ಹೆಚ್ಚು ವೇಗ ಮಿತಿ ಇರುವ ರಸ್ತೆಯನ್ನು ಹಾಗೆ ದಾಟಿ ಅಪಘಾತಕ್ಕೆ ಕಾರಣವಾದರೆ ಕನಿಷ್ಠ 3 ತಿಂಗಳು ಜೈಲು ಮತ್ತು ಕನಿಷ್ಠ 10,000 ದಿರ್ಹಂ ದಂಡ, ಅಥವಾ ಎರಡರಲ್ಲಿ ಒಂದು. ಅಂಥ ರಸ್ತೆಯನ್ನು ಕಾಲ್ನಡಿಗೆಯಲ್ಲಿ ದಾಟುವ ಯೋಚನೆಯೇ ಬೇಡ, ಸುತ್ತು ಬಳಸಾದರೂ ಸೇತುವೆ ಹಿಡಿಯಿರಿ.

ದುಬೈ ಮೆಟ್ರೋದೊಳಗೆ ತಿಂದರೆ, ಕುಡಿದರೆ 100 ದಿರ್ಹಂ. ಹೆಂಗಸರ ಬೋಗಿಗೆ ಗಂಡಸರು ಹತ್ತಿದರೂ 100 ದಿರ್ಹಂ. ರಸ್ತೆಯಲ್ಲಿ ಉಗುಳಿದರೆ, ಕಸ ಬಿಸಾಡಿದರೆ 500 ದಿರ್ಹಂ. ಕೊಳಕಾದ ಕಾರನ್ನು ತೊಳೆಯದೆ ಸಾರ್ವಜನಿಕ ಜಾಗದಲ್ಲಿ ಬಿಟ್ಟು ಊರಿಗೆ ಬಂದರೂ 500 ದಿರ್ಹಂ. ಡ್ರೈವರ್ ಕೆಲಸಕ್ಕೆ ಹೋಗುವವರು ಕೇಳಿಸಿಕೊಳ್ಳಿ: ಟ್ರಾಫಿಕ್‌ನಲ್ಲಿ ಸಿಟ್ಟಿಗೆದ್ದು ಕೆಟ್ಟದಾಗಿ ಬೆರಳು ತೋರಿಸಿದರೆ ದೂರು ಹೋಗುತ್ತದೆ, ಜೈಲು, ಗಡೀಪಾರು ತನಕ ಹೋಗಬಹುದು.

7. ದುಬೈ ದಾಟಿ ಶಾರ್ಜಾಕ್ಕೆ ಕಾಲಿಟ್ಟರೆ ನಿಯಮ ಬೇರೆ

ದುಬೈಯಲ್ಲಿ ಕೆಲಸ, ಬಾಡಿಗೆ ಕಡಿಮೆ ಅಂತ ಶಾರ್ಜಾದಲ್ಲಿ ರೂಮ್. ಇದು ನಮ್ಮವರ ಮಾಮೂಲಿ ಲೆಕ್ಕ. ಎರಡೂ ಊರು ಅಂಟಿಕೊಂಡೇ ಇವೆ, ಗಡಿ ಯಾವುದು ಅಂತ ಗೊತ್ತಾಗೋದೂ ಇಲ್ಲ. ಆದರೆ ದುಬೈಯಲ್ಲಿ 21 ವರ್ಷ ದಾಟಿದ ಮುಸ್ಲಿಮೇತರರಿಗೆ ಅನುಮತಿ ಇರುವ ಜಾಗದಲ್ಲಿ ಮದ್ಯ ಸಿಗುತ್ತದೆ. ಶಾರ್ಜಾದಲ್ಲಿ ಪೂರ್ತಿ ಬಂದ್. ಮಾರೋ ಹಾಗಿಲ್ಲ, ಕುಡಿಯೋ ಹಾಗಿಲ್ಲ. ದುಬೈಯಲ್ಲಿ ತಗೊಂಡ ಬಾಟಲಿ ಬ್ಯಾಗಲ್ಲಿ ಹಾಕಿಕೊಂಡು ಶಾರ್ಜಾ ಬಸ್ ಹತ್ತಿದರೆ ತಪ್ಪು ಶುರುವಾಯಿತು ಅಂತ ಲೆಕ್ಕ. ಇನ್ನು ಕುಡಿದು ಗಾಡಿ ಓಡಿಸೋದಕ್ಕೆ "ಒಂದೇ ಪೆಗ್" ಅನ್ನೋ ರಿಯಾಯಿತಿ ಇಡೀ ದೇಶದಲ್ಲಿ ಎಲ್ಲೂ ಇಲ್ಲ.

ಉಲ್ಟಾ ಉದಾಹರಣೆಯೂ ಒಂದಿದೆ. ವೇಪ್, ಅಂದರೆ ಇ-ಸಿಗರೇಟ್ ಯುಎಇಯಲ್ಲಿ 2019ರಿಂದ ಕಾನೂನುಬದ್ಧವಾಗಿ ಮಾರಾಟವಾಗುತ್ತದೆ. ಅದೇ 2019ರಲ್ಲಿ ನಮ್ಮ ದೇಶ ಅದನ್ನು ನಿಷೇಧಿಸಿತು. ಗೆಳೆಯರಿಗೆ ಅಂತ ಅಲ್ಲಿಂದ ತಂದರೆ ಸಿಕ್ಕಿಬೀಳೋದು ಬಜ್ಪೆಯಲ್ಲಿ.

8. ವಿಸಿಟ್ ವೀಸಾದಲ್ಲಿ ಕೆಲಸ: ಏಜೆಂಟ್ ಮಾತು ನಂಬಬೇಡಿ

ನನ್ನ ಜೊತೆ ಬಿಕಾಂ ಸೇರಿದವರಲ್ಲಿ ನಾನು ಅರ್ಧಕ್ಕೆ ಬಿಟ್ಟೆ, ಕೆಲವರು ಮುಗಿಸಿ ಗಲ್ಫ್‌ಗೆ ಹೋದರು. ಅವರಲ್ಲೊಬ್ಬನಿಗೆ ಏಜೆಂಟ್ ಹೇಳಿದ್ದು, "ಈಗ ವಿಸಿಟ್‌ನಲ್ಲಿ ಹೋಗು, ಅಲ್ಲಿ ಹೋದ ಮೇಲೆ ಕೆಲಸದ ವೀಸಾ ಮಾಡಿಸ್ತಾರೆ" ಅಂತ. ಎರಡು ತಿಂಗಳು ದುಡಿಸಿಕೊಂಡು ಸಂಬಳ ಕೊಡಲಿಲ್ಲ. ದೂರು ಕೊಡೋಣ ಅಂದರೆ, ವಿಸಿಟ್ ವೀಸಾದಲ್ಲಿ ಕೆಲಸ ಮಾಡಿದ್ದೇ ಅವನ ತಪ್ಪು. ಟಿಕೆಟ್ ದುಡ್ಡು ಮನೆಯಿಂದ ಕಳಿಸಿ ವಾಪಸ್ ಕರೆಸಿದರು. ಸೊಸೈಟಿ ಸಾಲ ಇನ್ನೂ ಇದೆ.

ಕೆಲಸ ಹುಡುಕಲು ವಿಸಿಟ್‌ನಲ್ಲಿ ಹೋಗಬಹುದು, ಕೆಲಸ ಮಾಡುವ ಹಾಗಿಲ್ಲ. ಪರ್ಮಿಟ್ ಇಲ್ಲದೆ ಕೆಲಸ ಮಾಡಿಸುವ ಕಂಪನಿಗೂ 1 ಲಕ್ಷದಿಂದ 10 ಲಕ್ಷ ದಿರ್ಹಂ ದಂಡ ಇದೆ. ವೀಸಾ ಮುಗಿದ ಮೇಲೆ ಉಳಿದರೆ ದಿನಕ್ಕೆ 50 ದಿರ್ಹಂ (ಸುಮಾರು 1,200 ರೂ.) ಏರುತ್ತಾ ಹೋಗುತ್ತದೆ. ನಮ್ಮ ಪರವಾಗಿರುವ ನಿಯಮಗಳೂ ಇವೆ, ಅವೂ ಗೊತ್ತಿರಲಿ. ಕಂಪನಿಯವರು ನಿಮ್ಮ ಪಾಸ್‌ಪೋರ್ಟ್ ತೆಗೆದಿಟ್ಟುಕೊಳ್ಳುವ ಹಾಗಿಲ್ಲ. ನೇಮಕಾತಿ ಖರ್ಚನ್ನು ಕೆಲಸಗಾರನಿಂದ ವಸೂಲಿ ಮಾಡುವ ಹಾಗಿಲ್ಲ.

ಇಲ್ಲಿನ ಏಜೆಂಟ್ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಂದಣಿ ಆಗಿದ್ದಾರಾ ನೋಡಿ. ಅವರು ತಗೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂ. ಮತ್ತು ಜಿಎಸ್‌ಟಿ, ಅದಕ್ಕೆ ರಶೀದಿ ಕೇಳಿ. 10ನೇ ಕ್ಲಾಸ್ ಪಾಸಾಗದೆ ಇಸಿಆರ್ ಪಾಸ್‌ಪೋರ್ಟ್ ಇರುವವರು ಯುಎಇಗೆ ಕೆಲಸಕ್ಕೆ ಹೋಗಬೇಕಾದರೆ ವಲಸೆ ಅನುಮತಿ ಕಡ್ಡಾಯ.

9. ಹಳೆಯ ಕತೆಗಳನ್ನೂ ಪೂರ್ತಿ ನಂಬಬೇಡಿ

ಹಿಂದೆ ಇದ್ದು ಬಂದವರು ಹೇಳುವ ಎಲ್ಲವೂ ಈಗ ಹಾಗೇ ಇಲ್ಲ. ಚೆಕ್ ಬೌನ್ಸ್ ಆದರೆ ನೇರ ಜೈಲು ಅನ್ನುತ್ತಿದ್ದರು. 2022ರ ಜನವರಿಯಿಂದ ಖಾತೆಯಲ್ಲಿ ದುಡ್ಡಿಲ್ಲ ಅನ್ನೋ ಕಾರಣಕ್ಕೆ ಬೌನ್ಸ್ ಆದರೆ ಅದು ಕ್ರಿಮಿನಲ್ ಕೇಸ್ ಅಲ್ಲ. ಆದರೆ ಕೋರ್ಟ್ ವಸೂಲಿ ಮಾಡುತ್ತದೆ, ದೇಶ ಬಿಟ್ಟು ಹೋಗದ ಹಾಗೆ ತಡೆಯಬಹುದು. ಬೇಕಂತಲೇ ಖಾತೆ ಮುಚ್ಚಿ ಮೋಸ ಮಾಡಿದರೆ ಕ್ರಿಮಿನಲ್ಲೇ. ಮದುವೆಯಾಗದ ಜೋಡಿ ಒಟ್ಟಿಗೆ ಇರೋದು ಅಪರಾಧ ಅನ್ನೋ ನಿಯಮವೂ 2020ರ ಕೊನೆಯಿಂದ ಸಡಿಲವಾಗಿದೆ. ರಂಜಾನ್ ತಿಂಗಳಲ್ಲಿ ಹಗಲು ಹೋಟೆಲ್‌ಗಳು ಪರದೆ ಹಾಕಲೇಬೇಕು ಅನ್ನೋದನ್ನು ದುಬೈ 2021ರಲ್ಲಿ ಕೈಬಿಟ್ಟಿತು. ಆದರೂ ಉಪವಾಸ ಇರುವವರ ಎದುರು ಬೀದಿಯಲ್ಲಿ ತಿನ್ನುತ್ತಾ ಹೋಗದಿರುವುದು ನಮ್ಮ ಮರ್ಯಾದೆ.

ಕಾನೂನು ಸಡಿಲವೂ ಆಗುತ್ತದೆ, ಬಿಗಿಯೂ ಆಗುತ್ತದೆ. ಹಾಗಾಗಿ ಟಿಕೆಟ್ ಬುಕ್ ಆದ ಮೇಲೆ ಯುಎಇ ಸರ್ಕಾರದ ಅಧಿಕೃತ ವೆಬ್‌ಸೈಟ್ ಒಮ್ಮೆ ನೋಡಿ.

ಸಿಕ್ಕಿಹಾಕಿಕೊಂಡರೆ?

ವಾದ ಮಾಡಬೇಡಿ, ಓಡಬೇಡಿ, ಯಾರಿಗೂ ದುಡ್ಡು ಕೊಟ್ಟು ಬಿಡಿಸಿಕೊಳ್ಳಲು ನೋಡಬೇಡಿ. ಅರೇಬಿಕ್‌ನಲ್ಲಿರುವ ಕಾಗದಕ್ಕೆ ಅರ್ಥವಾಗದೆ ಸಹಿ ಹಾಕಬೇಡಿ, ಭಾಷಾಂತರ ಮಾಡುವವರನ್ನು ಕೇಳಿ. ಭಾರತೀಯ ಕಾನ್ಸುಲೇಟ್‌ಗೆ ತಿಳಿಸಿ ಅಂತ ಸ್ಪಷ್ಟವಾಗಿ ಹೇಳಿ. ದುಬೈ ಕಾನ್ಸುಲೇಟ್‌ನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ನಂಬರ್ 800 46342, ಇದು ಯುಎಇ ಒಳಗಿಂದ ಮಾಡುವ ಕರೆಗೆ. ಊರಲ್ಲಿರುವ ಮನೆಯವರು ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು.

ಹೊರಡುವ ಹಿಂದಿನ ರಾತ್ರಿ ನೋಡಿಕೊಳ್ಳಿ

- ಮಸಾಲೆ, ಸಿಹಿತಿಂಡಿಯಲ್ಲಿ ಗಸಗಸೆ ಇಲ್ಲ ತಾನೇ? ಮಾಡಿದವರನ್ನೇ ಕೇಳಿ.
- ವೀಳ್ಯದೆಲೆ, ತಂಬಾಕು, ಮಂತ್ರಿಸಿದ ಗಂಟು, ಒಣ ಕೊಬ್ಬರಿ ತೆಗೆದಿದ್ದೀರಾ?
- ಮಾತ್ರೆಗಳು ಬಾಕ್ಸ್ ಸಮೇತ, ಚೀಟಿ ಸಮೇತ ಇವೆಯಾ? ಬೇಕಾದ್ದಕ್ಕೆ ಅನುಮತಿ ಆಗಿದೆಯಾ?
- ಬೇರೆಯವರ ಕಟ್ಟು ಬಿಚ್ಚಿ ನೋಡಿದ್ದೀರಾ?
- ವೀಸಾ ವಿಸಿಟ್ಟಾ, ಕೆಲಸದ್ದಾ? ಪಾಸ್‌ಪೋರ್ಟ್, ವೀಸಾದ ಪ್ರತಿ ಮನೆಯಲ್ಲಿ ಇಟ್ಟಿದ್ದೀರಾ?
- ಕಾನ್ಸುಲೇಟ್ ನಂಬರ್ ಒಂದು ಚೀಟಿಯಲ್ಲಿ ಬರೆದು ಪರ್ಸ್‌ನಲ್ಲಿ ಇಟ್ಟಿದ್ದೀರಾ? ಫೋನ್ ಕೈಯಲ್ಲಿ ಇಲ್ಲದಿದ್ದಾಗ ಅದೇ ಬೇಕಾಗುತ್ತದೆ.

ಆ ರಾತ್ರಿ ನಮ್ಮ ಮನೆ ಬ್ಯಾಗಿಂದ ಕರ್ಜಿಕಾಯಿ ಡಬ್ಬಿ, ಎಲೆ ಅಡಿಕೆ, ಲೇಬಲ್ ಇಲ್ಲದ ಮಸಾಲೆ ಪುಡಿ ಹೊರಗೆ ಬಂತು. ಪಕ್ಕದ ಊರಿನವರ ಕಟ್ಟು ಬಿಚ್ಚಿದರೆ ಒಳಗೆ ಎರಡು ಲುಂಗಿ, ಒಂದು ಫೋಟೋ, ಕೆಳಗಡೆ ಹೆಸರಿಲ್ಲದ ನಾಲ್ಕು ಸ್ಟ್ರಿಪ್ ಮಾತ್ರೆ. ಕೊಟ್ಟವರಿಗೆ ಫೋನ್ ಮಾಡಿ ಕೇಳಿದೆವು. "ಬೆನ್ನು ನೋವಿಂದು, ಅಲ್ಲಿ ರೇಟ್ ಜಾಸ್ತಿ ಅಲ್ವಾ" ಅಂದರು. ಪಾಪ, ಅವರಿಗೂ ಗೊತ್ತಿರಲಿಲ್ಲ. ಲುಂಗಿ, ಫೋಟೋ ಹೋಯಿತು, ಮಾತ್ರೆ ಇಲ್ಲೇ ಉಳಿಯಿತು.

ಕರ್ಜಿಕಾಯಿ ನಾವೇ ತಿಂದೆವು. ಮುಂದಿನ ಸಲ ಅವನಿಗೆ ಕಳಿಸುವಾಗ ಬರೀ ಎಳ್ಳು, ಬೆಲ್ಲ ಹಾಕಿ ಮಾಡುತ್ತೇನೆ ಅಂತ ದೊಡ್ಡಮ್ಮ ಹೇಳಿದ್ದಾರೆ. ಅದೂ ಮನೆಯಲ್ಲಿ ಮಾಡಿದ್ದೇ, ಬೇಡ ಅಂತ ಹೇಳುವ ಧೈರ್ಯ ಇನ್ನೂ ಯಾರಿಗೂ ಬಂದಿಲ್ಲ.